ಕೇಡಗಾಂವದ ಪ್ರಾರ್ಥನೆ, ಚಿಲಿಯ ಮಹಾಚರ್ಚು

ಪುಣೆಯಿಂದ ಕುರಕುಂಭದ ಕೈಗಾರಿಕಾ ವಸಾಹತಿಗೆ ಹೋಗಿಬರುವ ನಮ್ಮವರು ಹಲವರಿದ್ದಾರೆ. ಅದೇ ದೌಂಡ ತಾಲ್ಲೂಕಿನ ಕೇಡಗಾಂವದಲ್ಲಿ ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್ ಇದೆಯೆಂಬುದು ಅವರಲ್ಲಿ ಎಷ್ಟು ಮಂದಿಗೆ ಗೊತ್ತೋ! ಕರ್ನಾಟಕದಲ್ಲಿ 2022ರಲ್ಲಿ ಮತಾಂತರ ನಿಯಂತ್ರಣ ಕಾಯ್ದೆ ಬಂದಿತು. 2023ರ ಜೂನ್‌ನಲ್ಲಿ ಅದನ್ನು ಹಿಂಪಡೆಯಲು ಮುಂದಿನ ಸರಕಾರ ತೀರ್ಮಾನಿಸಿತು. ಇಂಥ ಚರ್ಚೆ ಎದ್ದಾಗಲೆಲ್ಲ, ಬೃಹತ್ ಚರ್ಚುಗಳೆಂದರೆ ಅಮೆರಿಕದಿಂದ ಬಂದಿಳಿದ ಸರಕು ಎಂಬ ಮಾತು ನಮ್ಮ ಕೂಟಗಳಲ್ಲಿ ಕೇಳಿಬರುತ್ತದೆ. ಚಿಲಿ ದೇಶದ ಒಂದು ಮಹಾಚರ್ಚಿನ ಇತಿಹಾಸವಾದರೋ ಬೇರೆಯದನ್ನೇ ಹೇಳುತ್ತದೆ.

ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು. ಪತ್ನಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಸಮಾಜದ ಅಸಮಾಧಾನಕ್ಕೆ ಗುರಿಯಾದವರು. ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತಮತ ಸ್ವೀಕರಿಸಿದರು. 1889ರಲ್ಲಿ ವಿಧವೆಯರಿಗಾಗಿ ಅವರು ತೆರೆದ ಶಾರದಾ ಸದನಕ್ಕೆ ಅಮೆರಿಕದ ದಾನಿಗಳ ನೆರವಿದ್ದುದು ನಿಜ. ಮತದ ವಿಷಯದಲ್ಲಿ ತಟಸ್ಥವಾಗಿರುವುದೆಂಬ ಭರವಸೆಯಿದ್ದ ಆ ಸಂಸ್ಥೆಯಲ್ಲಿ ಬಾಲವಿಧವೆಯರು ಕ್ರೈಸ್ತ ಪ್ರಾರ್ಥನೆಯತ್ತ ಒಲಿದಾಗ, 1893ರಲ್ಲಿ ರಾನಡೆ, ಭಾಂಡಾರಕರರಂಥ ಸುಧಾರಕರೇ ದೂರ ಸರಿದರು. ಅವರ ಆಕ್ಷೇಪ ನಿರಾಧಾರವಾಗಿತ್ತೆಂದು ನಮಗೆ ತೋರುವುದಿಲ್ಲ. ಆದರೆ 1896-97ರ ಕ್ಷಾಮದಲ್ಲಿ ಮಧ್ಯಪ್ರಾಂತದ ಅನಾಥ ಹೆಣ್ಣುಮಕ್ಕಳನ್ನು ನೂರಾರು ಸಂಖ್ಯೆಯಲ್ಲಿ ಕರೆತಂದು ಕೇಡಗಾಂವದಲ್ಲಿ ಅನ್ನ, ಅಕ್ಷರ, ಕಸುಬು ಕೊಟ್ಟವರೂ ಇದೇ ರಮಾಬಾಯಿ. ಆಕ್ಷೇಪಿಸಿದ ಸಮಾಜ ಆ ಮಕ್ಕಳಿಗೆ ಎಷ್ಟು ಬಾಗಿಲು ತೆರೆದಿತ್ತು?

1905ರ ಆರಂಭದಲ್ಲಿ ಅವರು ಕಟ್ಟಿದ ಪ್ರಾರ್ಥನಾ ಬಳಗದಲ್ಲಿ ಜೂನ್ ಹೊತ್ತಿಗೆ ಐನೂರಕ್ಕೂ ಹೆಚ್ಚು ಹೆಂಗಸರಿದ್ದರು. ಆ ತಿಂಗಳ ಕೊನೆಯಲ್ಲಿ ಅಳು, ನಡುಕ, ಗಟ್ಟಿದನಿಯ ಸಾಮೂಹಿಕ ಪ್ರಾರ್ಥನೆಗಳ ಆವೇಶ ಮುಕ್ತಿಯನ್ನು ವ್ಯಾಪಿಸಿತು. ಪೆಂಟೆಕೋಸ್ಟ್ ಪಂಥದ ತವರೆಂದು ಹೆಸರಾದ ಲಾಸ್ ಏಂಜಲೀಸ್‌ನ ಅಜುಸಾ ಬೀದಿಯ ಸಭೆಗಳು ಆರಂಭವಾದದ್ದು ಮರುವರ್ಷದ ಏಪ್ರಿಲ್‌ನಲ್ಲಿ!

ಮುಕ್ತಿಯಲ್ಲಿ ದುಡಿಯುತ್ತಿದ್ದ ಮಿನ್ನಿ ಏಬ್ರಮ್ಸ್ 1906ರಲ್ಲಿ ಈ ಅನುಭವವನ್ನು ಕುರಿತು ಕಿರುಹೊತ್ತಗೆಯೊಂದನ್ನು ಬರೆದು, ಚಿಲಿಯಲ್ಲಿದ್ದ ತಮ್ಮ ಹಳೆಯ ಸಹಪಾಠಿಗೆ ಕಳುಹಿಸಿದರು. ಆಕೆಯ ಪತಿ ವಿಲ್ಲಿಸ್ ಹೂವರ್ ವಾಲ್ಪರೈಸೊ ನಗರದ ಮೆಥಡಿಸ್ಟ್ ಪಾದ್ರಿ. 1909ರಲ್ಲಿ ಅವರ ಸಭೆಯಲ್ಲೂ ಅದೇ ಆವೇಶ ಕಾಣಿಸಿಕೊಂಡಿತು. ಮಾತೃಸಂಸ್ಥೆ ಒಪ್ಪದಿರಲು, 1910ರಲ್ಲಿ ಹೂವರ್ ಹೊರಬಂದರು. ಹಾಗೆ ಹುಟ್ಟಿದ ಮೆಥಡಿಸ್ಟ್ ಪೆಂಟೆಕೋಸ್ಟ್ ಪಂಥದ ಸಾಂಟಿಯಾಗೊ ಶಾಖೆಯೇ ಮುಂದೆ ಹೊಟಬೆಚೆ ಚರ್ಚು ಎಂದು ಪ್ರಖ್ಯಾತವಾಯಿತು. ಹಳ್ಳಿ ಬಿಟ್ಟು ನಗರ ಸೇರಿದ ಕೂಲಿಕಾರರೇ ಅದರ ಬಲ. ಬೀದಿಬೀದಿಯಲ್ಲಿ ಹಾಡಿ ಸಾರುವುದು ಸದಸ್ಯರೆಲ್ಲರ ಕರ್ತವ್ಯ. ಊರಿನಲ್ಲಿ ಬಂಧುಬಳಗ ಬಿಟ್ಟುಬಂದವರಿಗೆ ಸಭೆಯೇ ಬಳಗ. ಪರವೂರಿನಲ್ಲಿ ಸಂಘ ಕಟ್ಟಿಕೊಂಡ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

1974ರಲ್ಲಿ ಅವರ ಭವ್ಯ ದೇವಾಲಯ ಸಿದ್ಧವಾಯಿತು. ಅಷ್ಟರಲ್ಲಿ ಚಿಲಿ ಸೇನಾಡಳಿತದ ವಶದಲ್ಲಿತ್ತು. ಮಾನವಹಕ್ಕುಗಳ ವಿಚಾರವಾಗಿ ಕ್ಯಾಥೊಲಿಕ್ ಮುಖಂಡರೊಡನೆ ವಿರಸವಿದ್ದ ಪಿನೊಚೆಗೆ ಈ ಚರ್ಚಿನ ಬೆಂಬಲ ದೊರೆಯಿತು. 1975ರಿಂದ ರಾಷ್ಟ್ರಾಧ್ಯಕ್ಷರು ಪಾಲ್ಗೊಳ್ಳುವ ಕೃತಜ್ಞತಾ ಪ್ರಾರ್ಥನೆ ಅಲ್ಲಿ ಮೊದಲಾಯಿತು. ಕ್ಷಾಮಪೀಡಿತ ಹುಡುಗಿಯರ ನಡುವೆ ಮೊಳೆತದ್ದು ಸರ್ವಾಧಿಕಾರಿಯ ಪಕ್ಕದಲ್ಲಿ ಆಸನ ಪಡೆದದ್ದನ್ನು ನಾವು ಬೆಳವಣಿಗೆಯೆಂದು ಕರೆಯಲು ಹಿಂಜರಿಯುತ್ತೇವೆ.

ರಮಾಬಾಯಿ 1922ರಲ್ಲಿ ತೀರಿಕೊಂಡರು. ಕೇಡಗಾಂವದ ಸಂಸ್ಥೆ ನಿರ್ಗತಿಕ ಮಹಿಳೆಯರಿಗೂ ಮಕ್ಕಳಿಗೂ ಇಂದಿಗೂ ಆಸರೆಯಾಗಿ ನಡೆಯುತ್ತಿದೆ. ದೌಂಡದ ಕಡೆಗೆ ಹೋಗುವ ರೈಲಿನಲ್ಲಿ ಕುಳಿತವರಿಗೆ ಆ ನಿಲ್ದಾಣ ದಾರಿಯಲ್ಲೇ ಸಿಗುತ್ತದೆ.