ಊರಿಗೆ ಮರಳುವ ಒಂಟಿ ಹಿರಿಯರಿಗೆ

ಹೊರದೇಶದಲ್ಲಿ ದುಡಿದು, ಇಳಿವಯಸ್ಸಿಗೆ ಹುಟ್ಟೂರಿನಲ್ಲಿ ನೆಲೆಸಬೇಕೆಂಬ ಹಂಬಲ ನಮ್ಮ ಸಮಾಜದ ಅನೇಕ ಬಂಧುಗಳಲ್ಲಿದೆ. ದಂಪತಿಗಳಿಗೆ ಒಬ್ಬರಿಗೊಬ್ಬರು ಆಸರೆ. ಮಕ್ಕಳಿಲ್ಲದ ಒಂಟಿ ಹಿರಿಯರು ಮಾತ್ರ ಹೊರಡುವ ಮುನ್ನವೇ ಕೆಲವು ಸಂಗತಿಗಳನ್ನು ಅರಿತಿರುವುದು ಲೇಸು.

ಬಿಟ್ಟುಹೋದ ಊರು ಈಗ ಅದೇ ಆಗಿರಲಾರದು. ಆಲಮಟ್ಟಿಯ ಹಿನ್ನೀರಿನಿಂದಾಗಿ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ತೆರವಾಗಿ, ನೆರೆಹೊರೆಯವರು ನವನಗರದಲ್ಲಿ ಚದುರಿಹೋಗಿದ್ದಾರೆ. ಆದುದರಿಂದ ಮನೆ ಕೊಳ್ಳುವ ಮೊದಲು ಒಂದು ವರ್ಷ ಬಾಡಿಗೆಗಿದ್ದು ನೋಡಬೇಕು. ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇರುವುದು ನವನಗರದಲ್ಲಿ. ಬಾದಾಮಿ, ಹುನಗುಂದ, ಇಳಕಲ್ಲಿನಲ್ಲಿ ನೆಲೆಸುವವರು ನಡುರಾತ್ರಿ ತಮ್ಮನ್ನು ಅಲ್ಲಿಗೆ ಕರೆತರುವವರಾರೆಂಬುದನ್ನೂ ಯೋಚಿಸಬೇಕು. ಅಮೆರಿಕೆಯ ಮೆಡಿಕೇರ್ ಇಲ್ಲಿಯ ಚಿಕಿತ್ಸೆಯ ವೆಚ್ಚವನ್ನು ಸಾಮಾನ್ಯವಾಗಿ ಭರಿಸುವುದಿಲ್ಲ.

ಪರದೇಶದ ಪೌರತ್ವ ಪಡೆದವರು ಓ.ಸಿ.ಐ. ಕಾರ್ಡಿನ ಮೇಲೆ ಜೀವನಪರ್ಯಂತ ಇಲ್ಲಿರಬಹುದು. ಆದರೆ ಅದು ಪೌರತ್ವವಲ್ಲ. ಮತದಾನವಿಲ್ಲ, ಹಿರಿಯರ ಹೊಲ ವಾರಸಾಗಿ ಬರಬಹುದೇ ಹೊರತು ಹೊಸದಾಗಿ ಕೊಳ್ಳುವಂತಿಲ್ಲ.

ಇನ್ನೊಂದು ಸೂಕ್ಷ್ಮವು ಬಹಳ ಜನರಿಗೆ ತಿಳಿಯದು. ಮಕ್ಕಳಿಲ್ಲದ ಹಿರಿಯರನ್ನು ಅವರ ಆಸ್ತಿಗೆ ವಾರಸುದಾರರಾಗುವ ಬಂಧುಗಳೇ ಪೋಷಿಸಬೇಕೆಂದು 2007ರ ಹಿರಿಯ ನಾಗರಿಕರ ಕಾಯ್ದೆ ವಿಧಿಸುತ್ತದೆ. ಆದರೆ ಅದು ಹೇಳುವ ಹಿರಿಯ ನಾಗರಿಕರೆಂದರೆ 60 ವರ್ಷ ತುಂಬಿದ ಭಾರತದ ಪ್ರಜೆಗಳು. ಪರದೇಶದ ಪೌರರಿಗೆ ಆ ಆಸರೆಯಿಲ್ಲ.

"ಕಾಕಾ, ನಾವಿದ್ದೇವಲ್ಲ, ಬಂದುಬಿಡ್ರಿ" ಎಂದು ಅಣ್ಣನ ಮಗ ಕರೆದಾಗ ಮನ ಕರಗುವುದು ಸಹಜ. ಆ ಪ್ರೀತಿಯನ್ನು ಶಂಕಿಸುವ ಉದ್ದೇಶ ನಮಗಿಲ್ಲ. ಆದರೂ ಮನೆಯನ್ನು ದಾನಪತ್ರದ ಮೂಲಕ ಬರೆದುಕೊಡುವ ಅವಸರ ಬೇಡ. ಮೃತ್ಯುಪತ್ರ ಸಾಕು. ಅದನ್ನು ಬದುಕಿರುವವರೆಗೂ ಬದಲಿಸಬಹುದು. ನೋಂದಣಿಯಾದ ದಾನಪತ್ರವನ್ನು ಹಿಂಪಡೆಯುವುದು ಸುಲಭವಲ್ಲ.