ಹಳೆಯ ಚೀಟಿನಲ್ಲಿ ಯಾರ ಹೆಸರಿದೆ?

ಮನೆ ಪಾಲಾಗುವಾಗ, ಇಲ್ಲವೆ ಬ್ಯಾಂಕಿನಿಂದ ಸಾಲ ಎತ್ತಬೇಕಾದಾಗ ಮಾತ್ರ ಕುದ್ರೋಳಿಯ ಹಳೆಯ ಮನೆಗಳಲ್ಲಿ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆ ಕೆಳಗಿಳಿಯುತ್ತದೆ. ಅದರೊಳಗೆ ರಾಜನ ತಲೆಯ ಮುದ್ರೆಯುಳ್ಳ ಛಾಪಾಕಾಗದ, ಕೂಡಿಸಿ ಬರೆದ ಮೋಡಿನ ಅಕ್ಷರ, ಅಂಚನ್ನು ಹುಳು ತಿಂದ ಮೂಲಗೇಣಿ ಚೀಟು. ವಕೀಲರು ತಮಗೆ ಬೇಕಾದ ಸರ್ವೆ ನಂಬ್ರವನ್ನು ಗುರುತುಮಾಡಿಕೊಂಡು ಹಿಂದೆ ಕೊಡುತ್ತಾರೆ. ಪೆಟ್ಟಿಗೆ ಪುನಃ ಅಟ್ಟವೇರುತ್ತದೆ. ಆ ಚೀಟಿಗೆ ಹೆಬ್ಬೆಟ್ಟು ಒತ್ತಿದವನು ಯಾರು, ಯಾವ ಊರಿಂದ ಬಂದ, ಎಷ್ಟು ಗೇಣಿಗೆ ಒಪ್ಪಿದ ಎಂದು ಕೇಳುವವರಿಲ್ಲ. ವಂಶದ ಚರಿತ್ರೆಯೆಂಬುದು ಬೀಡು-ಗುತ್ತುಗಳ ಸೊತ್ತು, ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದವನಿಗೆ ಅದೇಕೆ ಎಂಬ ಭಾವನೆ ದುಡಿಯುವವರಲ್ಲಿಯೇ ಬೇರುಬಿಟ್ಟಿದೆ. ಈ ಭಾವನೆಯಿಂದ ಲಾಭವಾದದ್ದು ಯಾರಿಗೆಂದು ಬಿಡಿಸಿ ಹೇಳಬೇಕಾಗಿಲ್ಲ.

ಭೂದಾನದ ಪ್ರಾಚೀನ ದಾಖಲೆಗಳೆಂದರೆ ಕಲ್ಲು ಮತ್ತು ತಾಮ್ರದ ಶಾಸನಗಳು. ಆಳುಪರ ಕಾಲದಿಂದ ತೊಡಗಿ, ಮಂಗಳೂರು ಮತ್ತು ಬಾರಕೂರುಗಳಲ್ಲಿ ರಾಜ್ಯಪಾಲರನ್ನಿಟ್ಟು ಆಳಿದ ವಿಜಯನಗರದ ಕಾಲದವರೆಗೂ ತುಳುನಾಡಿನಲ್ಲಿ ಇವು ಹೇರಳ. ಅವುಗಳ ಕ್ರಮ ಹೆಚ್ಚಾಗಿ ಒಂದೇ: ಅರಸನ ಬಿರುದು, ಅಧಿಕಾರಿಯ ಹೆಸರು, ದಾನ ಪಡೆದ ದೇವಸ್ಥಾನ ಅಥವಾ ಬ್ರಾಹ್ಮಣನ ಗೋತ್ರ, ಗದ್ದೆಯ ನಾಲ್ಕು ಗಡಿ, ಬರಬೇಕಾದ ಅಕ್ಕಿಯ ಲೆಕ್ಕ, ಕೊನೆಗೆ ದಾನಕ್ಕೆ ತಪ್ಪಿದವರಿಗೆ ಶಾಪ. ಆ ಅಕ್ಕಿಯನ್ನು ಬೆಳೆದವನಿಗೆ ಇದರಲ್ಲಿ ಜಾಗವಿಲ್ಲ. ಅವನು ಬಂದರೂ ಭೂಮಿಯ ಜತೆಯ ಸರಕಾಗಿ ಬರುವುದು. ತುಳುನಾಡಿನಲ್ಲಿ ಗದ್ದೆಯೊಡನೆ ಮೂಲದ ಆಳುಗಳೂ ಕೈಬದಲಾಗುತ್ತಿದ್ದ ಕಾಲವೊಂದಿತ್ತು. 1801ರಲ್ಲಿ ಈ ದಾರಿಯಾಗಿ ಹೋದ ಬುಕಾನನ್ ಸಾಹೇಬನು ಜೀತದಾಳುಗಳ ಬೆಲೆಯನ್ನು ದನಕರುಗಳ ಬೆಲೆಯಂತೆಯೇ ಬರೆದಿಟ್ಟಿದ್ದಾನೆ. ಕಂಪನಿ ಸರಕಾರದ ಕಾಯಿದೆ ಗುಲಾಮಗಿರಿಯನ್ನು ಮಾನ್ಯಮಾಡದೆ ಹೋದದ್ದು 1843ರಲ್ಲಿ.

ಶಾಸನದಿಂದ ಈಚೆಗೆ ಬಂದರೆ ಕಡತ. ಇಂದು ಕಚೇರಿಯ ಫೈಲಿಗೆ ನಾವು ಹೇಳುವ ಈ ಶಬ್ದ ಮೊದಲು ಬಟ್ಟೆಯ ಪುಸ್ತಕಕ್ಕೆ ಇದ್ದ ಹೆಸರು. ಹುಣಿಸೆ ಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಮಡಚಿ, ಬಳಪದಿಂದ ಬರೆಯುತ್ತಿದ್ದರು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾದ ಮೊದಲ ಕಲೆಕ್ಟರನಾಗಿ ಬಂದ ಮನ್ರೋ ಹಳೆಯ ಲೆಕ್ಕಗಳನ್ನೆಲ್ಲ ತಡಕಿ, ಈ ಜಿಲ್ಲೆಯಲ್ಲಿ ಭೂಮಿಯ ಖಾಸಗಿ ಒಡೆತನ ಬಹು ಪುರಾತನವಾದದ್ದೆಂದು ಮದರಾಸಿಗೆ ಬರೆದನು. ಮಾತು ಸುಳ್ಳಲ್ಲ. ಆದರೆ ಅವನ ಕಣ್ಣಿಗೆ ಬಿದ್ದ ಒಡೆಯ ಕಂದಾಯ ಕಟ್ಟುವ ವರ್ಗದಾರ. ವರ್ಗದಾರನ ಕೆಳಗೆ ಶಾಶ್ವತವಾಗಿ ಗೊತ್ತಾದ ಗೇಣಿಯ ಮೂಲಗೇಣಿದಾರ, ಅವನ ಕೆಳಗೆ ಧನಿ ಏಳೆಂದಾಗ ಏಳಬೇಕಾದ ಚಾಲಗೇಣಿ ಒಕ್ಕಲು, ಅವನಿಗೂ ಕೆಳಗೆ ಕೂಲಿಯಾಳು. ಹೀಗೆ ಮೆಟ್ಟಿಲು ಇಳಿದಷ್ಟೂ ಕಾಗದದಲ್ಲಿ ಹೆಸರು ಅಪರೂಪವಾಗುತ್ತ ಹೋಗುತ್ತದೆ.

ಹಾಗಾದರೆ ಕುದ್ರೋಳಿಯ ಕಾರ್ಮಿಕನೊಬ್ಬ ತನ್ನ ಹಿರಿಯರನ್ನು ಹುಡುಕುವುದು ಹೇಗೆ? ಶಾಸನದಿಂದ ಕೆಳಗಿಳಿದು ಬಂದರೆ ಅವನಿಗೆ ಏನೂ ಸಿಕ್ಕದು. ಕೈಯಲ್ಲಿರುವ ಕಾಗದದಿಂದ ಹಿಂದಕ್ಕೆ ಹೋಗಬೇಕು. ಇಂದಿನ ದಾಖಲೆಯಿಂದ ತಂದೆ-ತಾಯಿಯ ಕಾಲದ ವಿಭಾಗಪತ್ರಕ್ಕೆ, ಅಲ್ಲಿ ಉಲ್ಲೇಖವಾದ ಹಿಂದಿನ ಪತ್ರದ ನಂಬ್ರ ಹಿಡಿದು ಉಪನೋಂದಣಿ ಕಚೇರಿಗೆ, ಸರ್ವೆ ನಂಬ್ರ ಹಿಡಿದು ಸೆಟ್ಲ್‌ಮೆಂಟಿನ ಪುಸ್ತಕಕ್ಕೆ ಮತ್ತು ಅಡಂಗಲಿಗೆ. ಸರಕಾರಿ ಜಾಗವನ್ನು ಅಜ್ಜ ದರ್ಖಾಸ್ತಿನಲ್ಲಿ ಪಡೆದಿದ್ದರೆ ಅವನ ಅರ್ಜಿಯೇ ಒಂದು ಸಣ್ಣ ಆತ್ಮಕಥೆ: ಎಲ್ಲಿಯ ನಿವಾಸಿ, ಏನು ಕಸುಬು, ಎಷ್ಟು ಮಂದಿ ಮಕ್ಕಳು.

ಇಲ್ಲಿ ಅನೇಕರು ಎಡವುವ ಜಾಗವೊಂದಿದೆ. ತಂದೆಯ ಹೆಸರು, ಅವನ ತಂದೆಯ ಹೆಸರು ಎಂದು ಹುಡುಕುತ್ತ ಹೋಗಿ, ಸಿಕ್ಕದೆ ಕೈಬಿಡುತ್ತಾರೆ. ಬಿಲ್ಲವ, ಮೊಗವೀರ, ಬಂಟ ಮನೆಗಳಲ್ಲಿ ಅಳಿಯಸಂತಾನ ನಡೆದು ಬಂದದ್ದನ್ನು ಮರೆತರೆ ಹಳೆಯ ಪತ್ರ ಬಾಯಿ ಬಿಡದು. ಅಲ್ಲಿ ಹಕ್ಕು ಮಾವನಿಂದ ಅಳಿಯನಿಗೆ, ತಾಯಿಯಿಂದ ಮಗಳಿಗೆ. 1949ರ ಮದರಾಸು ಅಳಿಯಸಂತಾನ ಕಾಯಿದೆಯ ಬಳಿಕ ಕವರುಗಳ ನಡುವೆ ಆದ ಪಾಲುಪತ್ರಗಳನ್ನು ತೆರೆದು ನೋಡಿ: ಮೂಲದಲ್ಲಿ ನಿಂತವಳು ಒಬ್ಬ ಹೆಂಗಸು, ಉಳಿದವರೆಲ್ಲ ಅವಳ ಸಂತತಿ. ಬಯಲುಸೀಮೆಯ ಎಷ್ಟೋ ದೊಡ್ಡ ಮನೆತನಗಳಿಗೆ ನಾಲ್ಕು ತಲೆಮಾರಿನ ಹಿಂದಿನ ಅಜ್ಜಿಯ ಹೆಸರು ತಿಳಿಯದು. ನಮ್ಮಲ್ಲಿ ಕೂಲಿಯವನ ಮನೆಯಲ್ಲಿಯೂ ಅದು ಛಾಪಾಕಾಗದದ ಮೇಲೆ ಸಿಗುವ ಸಂಭವವಿದೆ! ಕ್ರೈಸ್ತ ಬಾಂಧವರಿಗೆ ಇದಕ್ಕೆ ಜೊತೆಯಾಗಿ ಇಗರ್ಜಿಯ ಜ್ಞಾನಸ್ನಾನದ ಪುಸ್ತಕವೂ ಉಂಟು.

ಕಾಗದವೇ ಇಲ್ಲದವರ ಪಾಡೇನು? 1865ರಲ್ಲಿ ಬಾಸೆಲ್ ಮಿಶನಿನವರು ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಗದ್ದೆ ಬಿಟ್ಟು ಪೇಟೆಗೆ ಬಂದ ಕುಟುಂಬಗಳಿಗೆ ಲೆಕ್ಕವಿಲ್ಲ. ಅವರ ಬೇರು ಹಳ್ಳಿಯ ಚಾಲಗೇಣಿ ಗದ್ದೆಯಲ್ಲಿ ಉಳಿಯಿತು. ಚಾಲಗೇಣಿಗೆ ಹೆಚ್ಚಾಗಿ ಬಾಯಿಮಾತೇ ಚೀಟು. ಇಂಥವರಿಗೆ ನಾವು ತೋರಿಸುವ ದಾರಿ 1974ರ ಡಿಕ್ಲರೇಶನ್. ಆ ವರ್ಷದ ಮಾರ್ಚ್ 1ರಂದು ಗೇಣಿಯ ಭೂಮಿಯೆಲ್ಲ ಸರಕಾರಕ್ಕೆ ಸೇರಿತು. ಉಳುವವನು 7ನೇ ನಮೂನೆಯಲ್ಲಿ ಅರ್ಜಿ ಹಾಕಿ, ನ್ಯಾಯಮಂಡಲಿಯ ಮುಂದೆ ನಿಂತು, ಎಷ್ಟು ಕಾಲದಿಂದ ತಾನು ಉಳುತ್ತಿದ್ದೇನೆ, ತನಗಿಂತ ಮೊದಲು ಯಾರು ಉಳುತ್ತಿದ್ದರು ಎಂಬುದನ್ನು ತೋರಿಸಿಕೊಡಬೇಕಾಯಿತು. ಧನಿಯ ಎದುರಿನಲ್ಲಿ ತಲೆಯೆತ್ತಿ ಆಡಿದ ಆ ಮಾತುಗಳನ್ನು ಗುಮಾಸ್ತರು ಬರೆದುಕೊಂಡರು. ನಮ್ಮ ದೃಷ್ಟಿಯಲ್ಲಿ ಈ ಜಿಲ್ಲೆಯ ಯಾವ ತಾಮ್ರಶಾಸನಕ್ಕೂ ಆ ಹೇಳಿಕೆಗಳ ಬೆಲೆ ಕಡಿಮೆಯಲ್ಲ. ಅವುಗಳಿಗೆ ಗೆದ್ದಲು ಹಿಡಿಯದಂತೆ ನೋಡಿಕೊಳ್ಳುವುದು ಪುರಾತತ್ವದ ಕೆಲಸವೆಂದು ಸರಕಾರ ತಿಳಿದೀತೆ?

ಪೇಟೆಯ ಮನೆ-ಅಡಿಸ್ಥಳದ ಮಾತು ಬೇರೆ. ಆ ಕಾಯಿದೆ ಕೃಷಿಭೂಮಿಗೆ ಮಾತ್ರ. ಆದುದರಿಂದ ಮಂಗಳೂರು ನಗರದ ಮೂಲಗೇಣಿದಾರರು ಮುಂದೆಯೂ ಮೂಲಗೇಣಿದಾರರಾಗಿಯೇ ಉಳಿದರು. ಇವರಿಗೆ ಒಡೆತನ ಕೊಡುವ ಪ್ರತ್ಯೇಕ ಕಾಯಿದೆಯನ್ನು ವಿಧಾನಮಂಡಲ ಮಾಡಿದ್ದು 2011ರಲ್ಲಿ. ಹೀಗಿರುವಾಗ ಅಟ್ಟದ ಪೆಟ್ಟಿಗೆಯ ಚೀಟು ಅಜ್ಜನ ನೆನಪೂ ಹೌದು, ಮೊಮ್ಮಗನ ಹಕ್ಕಿನ ಸಾಕ್ಷಿಯೂ ಹೌದು. ಅದನ್ನು ಹರಿದು ಬಿಸಾಡಬೇಡಿ, ಮೂಲಪ್ರತಿಯನ್ನು ದಳ್ಳಾಳಿಯ ಕೈಗೆ ಕೊಡಬೇಡಿ. ಓದಲು ಬಾರದಿದ್ದರೆ ಹಳೆಯ ಬರಹ ಬಲ್ಲ ಹಿರಿಯರನ್ನು ಕೂರಿಸಿ ಓದಿಸಿ, ಇಂದಿನ ಅಕ್ಷರದಲ್ಲಿ ನಕಲು ಬರೆದಿಡಿ. ಕಾಸು ತೆಗೆದುಕೊಂಡು ಯಾವುದೋ ಅರಸುಮನೆತನಕ್ಕೆ ಗಂಟುಹಾಕಿ ಕೊಡುವ ವಂಶಾವಳಿಕಾರರನ್ನು ಮಾತ್ರ ಬಾಗಿಲಲ್ಲೇ ಸಾಗಹಾಕಿ.

2024ರಲ್ಲಿ ರಾಜ್ಯ ಸರಕಾರ ಭೂ ಸುರಕ್ಷಾ ಎಂಬ ಹೆಸರಿನಲ್ಲಿ ತಾಲೂಕು ಕಚೇರಿಗಳ ಹಳೆಯ ದಾಖಲೆಗಳ ಚಿತ್ರ ತೆಗೆಯಿಸಲು ತೊಡಗಿತು. ಒಳ್ಳೆಯದೇ. ಆದರೆ ಜಿಲ್ಲೆ 1956ರ ನವೆಂಬರ್ 1ರವರೆಗೆ ಮದರಾಸಿಗೆ ಸೇರಿತ್ತು. ಅಂದಿನ ಕಲೆಕ್ಟರರ ಕಾಗದಪತ್ರಗಳ ರಾಶಿ ಇರುವುದು ಚೆನ್ನೈಯ ಎಗ್ಮೋರಿನ ದಾಖಲೆ ಭಂಡಾರದಲ್ಲಿ. ಬೀಡಿ ಕಟ್ಟುವ ಹೆಂಗಸು ಎರಡು ದಿನದ ಮಜೂರಿ ಕಳೆದುಕೊಂಡು ಅಲ್ಲಿಗೆ ಹೋಗಬಲ್ಲಳೆ? ದಕ್ಷಿಣ ಕನ್ನಡಕ್ಕೆ ಸಂಬಂಧಿಸಿದ ಆ ಕಟ್ಟುಗಳ ನಕಲು ಮಂಗಳೂರಿಗೆ ಬರಬೇಕು. ನ್ಯಾಯಮಂಡಲಿಯ ಫೈಲುಗಳೂ ಅದೇ ಸೂರಿನಡಿ ಸೇರಬೇಕು. ಒಂದು ಪುಟದ ನಕಲಿಗೆ ಒಂದು ಚಹದ ದುಡ್ಡಿಗಿಂತ ಹೆಚ್ಚು ಶುಲ್ಕ ಇರಕೂಡದು. ಮತ್ತು ಆ ಕೋಣೆಯ ಬಾಗಿಲು ಭಾನುವಾರ ತೆರೆದಿರಬೇಕು. ಕಾರ್ಮಿಕನಿಗೆ ಬಿಡುವಿರುವುದು ಅಂದೇ.