ಮೊದಲು ಅವರನ್ನು ಕೇಳಿ

2009ರಲ್ಲಿ ಅಮೆರಿಕದ ಯುದ್ಧವಿರೋಧಿ ಮಹಿಳಾ ಸಂಘಟನೆ ‘ಕೋಡ್ ಪಿಂಕ್’ನ ನಿಯೋಗ ಕಾಬೂಲ್‌ಗೆ ಹೋಗಿ ಅಲ್ಲಿನ ಹೆಣ್ಣುಮಕ್ಕಳ ಜೊತೆ ಮಾತನಾಡಿತು. ವಿದೇಶಿ ಸೇನೆ ಏಕಾಏಕಿ ಹೊರಟರೆ ತಾಲಿಬಾನ್ ಮರಳುತ್ತದೆಂಬ ಭಯವನ್ನು ಹಲವರು ತೋಡಿಕೊಂಡರು. ಹೆಚ್ಚುವರಿ ಸೈನಿಕರು ಬೇಡವೆಂಬ ನಿಲುವು ಬಿಡದಿದ್ದರೂ, ವಾಪಸಾತಿಯ ಗಡುವನ್ನು ಮರುಚಿಂತಿಸಬೇಕು ಎಂಬ ಮಾತನ್ನು ಸಹಸಂಸ್ಥಾಪಕಿ ಮೆಡಿಯಾ ಬೆಂಜಮಿನ್ ಆಗ ಆಡಿದರು. ಹಾಗೆ ಹೇಳಲು ಧೈರ್ಯ ಬೇಕು.

ಮೈಸೂರಿಗೆ ಇದು ದೂರದ ಸಂಗತಿಯಲ್ಲ. 2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನ್ ವಶವಾದಾಗ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸುಮಾರು 90 ಆಫ್ಗನ್ ವಿದ್ಯಾರ್ಥಿಗಳಿದ್ದರು. ಮನೆಯವರ ಪ್ರಾಣ, ಮುಗಿಯಲಿರುವ ವೀಸಾ, ಎರಡೂ ಅವರನ್ನು ಕಾಡಿದವು. 2022ರ ಡಿಸೆಂಬರ್‌ನಲ್ಲಿ ಅವರ ದೇಶದ ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳಿಗೆ ಬಾಗಿಲು ಮುಚ್ಚಿದವು. ಆದರೆ ವಿದೇಶಿ ಸೇನೆಯ ಬಾಂಬು ದಾಳಿಗಳಲ್ಲಿ ಸತ್ತ ಹಳ್ಳಿಗರ ನೋವೂ ಅಷ್ಟೇ ನಿಜ. ಅದನ್ನು ಹೇಳಬಲ್ಲವರೂ ಆಫ್ಗನ್ನರೇ.

ನಮ್ಮ ನಗರದ ಶಾಂತಿಪರ ಸಂಘಟನೆಗಳು ಯುದ್ಧವನ್ನು ವಿರೋಧಿಸುವುದು ನಿಲ್ಲಬಾರದು. ಆದರೆ ಪುರಭವನದ ಎದುರು ಭಿತ್ತಿಪತ್ರ ಹಿಡಿಯುವ ಮುನ್ನ ಆ ನೆಲದಿಂದ ಬಂದವರನ್ನು ಕರೆದು ಕೇಳಲಿ. ಅವರೆಲ್ಲರದು ಒಂದೇ ಮಾತಾಗದಿದ್ದರೆ ಅದನ್ನೂ ಕೇಳಿಸಿಕೊಳ್ಳಲಿ. ಮಾನಸಗಂಗೋತ್ರಿ ಆವರಣದಲ್ಲಿ ಇಂಥ ಮಾತುಕತೆಗೆ ವಿಶ್ವವಿದ್ಯಾನಿಲಯವೇ ಜಾಗ ಕೊಡಬೇಕು. ಮಾತನಾಡುವವರ ಹೆಸರು, ಫೋಟೊ ಮಾತ್ರ ಹೊರಗೆ ಹೋಗಕೂಡದು: ಅವರ ಮನೆಯವರು ಇನ್ನೂ ಅಲ್ಲೇ ಇರಬಹುದು.